ಕಂಪನಿ ಸೆಟ್ಟಿನೊಳಗಿನ ದನಿ

ತುರ್ವಿಹಾಳದಲ್ಲಿ ಮೊಹರಮ್ಮಿನ ಕೆಂಡದ ಗುಂಡಿಗೆ, ಅಲಾಯಿ ಕುಣಿಗೆ, ಗುದ್ದಲಿ ಬಿದ್ದ ಮರುದಿನ ಗದ್ದೆಮ್ಮ ತಲೆಗೆ ನೀರು ಹಾಕಿಕೊಂಡು, ಹಣೆಗೆ ವಿಭೂತಿ ಹಚ್ಚಿ, ಮನೆ ಮುಂದೆ ನಿಂತಿದ್ದ ಮಗನ ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕುಳಿತಳು. ಪರವೂರಿಗೆ ಹೊರಟವಳಲ್ಲ. ತೀರಿಹೋದ ಗಂಡನ ಹಾಡು ಕೇಳಲು ಕುಳಿತವಳು.

ಮೊಹರಮ್ಮಿನ ಪದಗಳನ್ನು ಗುದ್ದಲಿ ಬಿದ್ದ ಮೇಲಷ್ಟೇ ಹಾಡಬೇಕು, ಹತ್ತನೆಯ ದಿನ ಪಂಜೆ ರೂಪದ ಪೀರಲ ದೇವರು ವಿಸರ್ಜನೆಯ ದಫನಿಗೆ ಹೊರಟ ಮೇಲೆ ಬಾಯಿ ಮುಚ್ಚಬೇಕು. ಇದು ಗಂಡ ಮುದುಕಪ್ಪನ ನೇಮವಾಗಿತ್ತು. ಆ ಹತ್ತು ದಿನ ಬಿಟ್ಟರೆ ಆತ ಮನೆಯೊಳಗೆ, ಕೂಸು ತೂಗುವಾಗ ಕೂಡ, ಒಂದು ಸಾಲು ಗುನುಗಿದವನಲ್ಲ. ಹೋದ ವರ್ಷ ಶ್ರಾವಣದಲ್ಲಿ ಆತ ಶಿವನ ಪಾದ ಸೇರಿದ. ಆತನ ನೇಮವನ್ನು ಹೆಂಡತಿ ಕೈಬಿಡಲಿಲ್ಲ. ಹಾಡು ಮಗನ ಕಾರಿನಲ್ಲೇ ಇದೆ ಎಂದು ಗೊತ್ತಿದ್ದರೂ ವರ್ಷವಿಡೀ ಕಾದಳು. ಕಾಯುವುದರಲ್ಲಿ ಒಂದು ಬಗೆಯ ಪೂಜೆಯಿತ್ತು.

ಮಗ ಸಿದ್ದರಾಮ ಮುಂದಿನ ಸೀಟಿನಲ್ಲಿ ಕುಳಿತು ಸ್ಟೀರಿಯೋದ ಗುಂಡಿ ಒತ್ತಿದ. ಹಲಗಿ ಬಡಿದ ಸದ್ದು ತಗಡು ಬಡಿದಂತೆ ಬಂತು. ಆಮೇಲೆ ದನಿ ಬಂತು.

*ಹೊಳಿ ದಂಡ್ಯಾಗ ಕುಂತು ಬಾಯಾರಿದವರ್ಯಾರ*
*ಕೂಸಿನ ತುಟಿ ನೋಡಿ ಹೊಳಿಯೇ ಅತ್ತೀತ*

ಗದ್ದೆಮ್ಮ ಸೆರಗಿನ ತುದಿ ಹಿಡಿದು ಆಲಿಸಿದಳು. ಹಾಡು ಮುಗಿಯುವ ಮೊದಲೇ ಕೇಳಿದಳು:

"ಯಾರ ಹಾಡಾಕತ್ತಾರ?"

"ಯವ್ವಾ, ಅಪ್ಪ ಅಲ್ಲೇನು!"

"ನಿಮ್ಮಪ್ಪನ ಬಾಯಿ ಐತಿ. ಎದಿ ಎಲ್ಲೈತಿ?"

ಸಿದ್ದರಾಮ ಸೌಂಡು ಏರಿಸಿದ. ದನಿ ಇನ್ನಷ್ಟು ಚೂಪಾಯಿತು. ಆಕೆ ಕೈ ಎತ್ತಿ ನಿಲ್ಲಿಸು ಎಂದಳು.

"ಜೋರ್ ಮಾಡಿದ್ರ ಎದಿ ಬರ್ತೈತೇನಲೇ? ಊರ ಮಂದಿ ಏನಂತಿದ್ರು? ಮುದುಕಪ್ಪನ ದನಿಗೆ ಬುಡ ಐತಿ, ಅಲ್ಲಿ ಕುಣಿ ಮುಂದ ಹಾಡಿದ್ರ ಇಲ್ಲಿ ಮಾಳಿಗಿ ನಡಗತೈತಿ ಅಂತಿದ್ರು. ಇದು ಯಾರೋ ಮೂಗಿನ್ಯಾಗ ಹಾಡಿದಂಗ ಐತಿ."

ಆಕೆ ಹೇಳಿದ್ದು ಸುಳ್ಳಲ್ಲ. ಮೊಹರಮ್ಮಿನಲ್ಲಿ ಹೆಂಗಸರು ಕುಣಿಯ ಹತ್ತಿರ ಹೋಗುವ ವಾಡಿಕೆ ಆ ಓಣಿಯಲ್ಲಿರಲಿಲ್ಲ. ಮಾಳಿಗೆಯ ಮೇಲೆ ಕುಳಿತು ಕೇಳುತ್ತಿದ್ದರು. ಗದ್ದೆಮ್ಮ ಮದುವೆಯಾಗಿ ಬಂದ ವರ್ಷದಿಂದ ಗಂಡನ ಹಾಡನ್ನು ಕೇಳಿದ್ದು ಅಲ್ಲಿಂದಲೇ. ಕತ್ತಲಲ್ಲಿ ಜನರ ತಲೆಗಳ ಮೇಲಿಂದ ಹಾದು ಬಂದು, ಮಣ್ಣಿನ ಮಾಳಿಗೆಗೆ ತಾಗಿ, ಕುಳಿತವಳ ಬೆನ್ನಿನವರೆಗೆ ಏರುತ್ತಿದ್ದ ದನಿ ಅದು. ಮನೆಯಲ್ಲಿ ಮಾತು ಕಡಿಮೆಯಿದ್ದ ಗಂಡ ಆ ಒಂದು ದನಿಯಲ್ಲಿ ಇಡೀ ವರ್ಷದ ಮಾತು ಆಡಿಬಿಡುತ್ತಾನೆ ಎಂದು ಆಕೆಗೆ ಅನಿಸುತ್ತಿತ್ತು.

"ನಾ ಮರೀಲಾಕತ್ತೀನಿ ಸಿದ್ಯಾ," ಎಂದಳು. "ಮುಖ ಮರ್ತಿಲ್ಲ. ದನಿ ಮರೀಲಾಕತ್ತೀನಿ. ಒಂದು ಕಿವಿ ಆಗಲೇ ಮುಚ್ಚೈತಿ. ದೇವರು ಹೊರಡೂದ್ರಾಗ ಒಮ್ಮೆ ಕೇಳಸು. ಬರೂ ವರ್ಷಕ್ಕ ಈ ಕಿವೀನೂ ಇರತೈತೋ ಇಲ್ಲೋ."

ಆ ಹಾಡು ಕಾರು ಸೇರಿದ್ದಕ್ಕೂ ಒಂದು ಕಥೆಯಿದೆ. ಲಿಂಗಸುಗೂರಿನಲ್ಲಿ ಮದುವೆ ಮನೆಗಳಿಗೆ ಮೈಕು ಕಟ್ಟುವ ಅನಿಲಕುಮಾರ ಗದ್ದೆಮ್ಮನ ಅಣ್ಣನ ಮಗ. ಐದಾರು ವರ್ಷದ ಹಿಂದೆ ಮೊಹರಮ್ಮಿಗೆ ಬಂದವನು ಅಲಾಯಿ ಕುಣಿಯ ಮುಂದೆ ಒಂದೇ ಮೈಕು ನಿಲ್ಲಿಸಿ ಮಾಮನ ಪದ ಹಿಡಿದುಕೊಂಡ. ಪೆನ್ ಡ್ರೈವಿಗೆ ಹಾಕಿ ಸಿದ್ದರಾಮನಿಗೆ ಕೊಟ್ಟ. ಸಿದ್ದರಾಮ ಆಗಷ್ಟೇ ಬಾಡಿಗೆಗೆ ಓಡಿಸಲು ಹಳೆಯ ಕಾರೊಂದನ್ನು ಕೊಂಡಿದ್ದ. ಅದರಲ್ಲಿ ಕಂಪನಿಯವರೇ ಕೂಡಿಸಿಕೊಟ್ಟ ಸ್ಟೀರಿಯೋ ಇತ್ತು. ಆ ಸೆಟ್ಟು ಹಾಡನ್ನು ತನ್ನ ಹೊಟ್ಟೆಯೊಳಗೆ ಇಟ್ಟುಕೊಳ್ಳುತ್ತಿತ್ತು, ಬೇರೆ ಪೆನ್ ಡ್ರೈವಿಗೆ ಮಾತ್ರ ತುಂಬಿಕೊಡುತ್ತಿರಲಿಲ್ಲ. ಪೆನ್ ಡ್ರೈವು ಯಾವುದೋ ಬಾಡಿಗೆಯಲ್ಲಿ ಕಳೆಯಿತು. ಅನಿಲಕುಮಾರನ ಕಂಪ್ಯೂಟರು ಕೆಟ್ಟಿತು. ಮುದುಕಪ್ಪನ ದನಿ ಇಡೀ ಭೂಮಿಯ ಮೇಲೆ ಆ ಸೆಟ್ಟಿನಲ್ಲಷ್ಟೇ ಉಳಿಯಿತು. ಸಿದ್ದರಾಮ ಮೊಬೈಲನ್ನು ಸ್ಪೀಕರಿನ ಮುಂದೆ ಹಿಡಿದು ತುಂಬಿಕೊಳ್ಳಲು ನೋಡಿದ್ದ. ಮೊದಲೇ ತೆಳ್ಳಗಿದ್ದದ್ದು ಅದರಲ್ಲಿ ಸೊಳ್ಳೆಯ ಸದ್ದಾಗಿತ್ತು.

ಬಾಡಿಗೆಯ ಮಂದಿ ಆ ಸೆಟ್ಟನ್ನು ನೋಡಿ ನಗುತ್ತಿದ್ದರು. "ಎಲ್ಲಾ ಗಾಡ್ಯಾಗ ದೊಡ್ಡ ಸ್ಕ್ರೀನ್ ಬಂದಾವ, ನೀ ಇನ್ನಾ ಇದ ಡಬ್ಬಿ ಇಟಗೊಂಡಿಯೇನು" ಎಂದು ಚುಚ್ಚುತ್ತಿದ್ದರು. ಸಿದ್ದರಾಮನಿಗೂ ಸ್ಕ್ರೀನಿನ ಆಸೆಯಿತ್ತು. ಅವ್ವ ಇರುವವರೆಗೆ ಅದನ್ನು ಬಾಯಿ ಬಿಟ್ಟು ಹೇಳುವ ಧೈರ್ಯ ಇರಲಿಲ್ಲ.

ಮರುದಿನ ಬಾಡಿಗೆ ಬಿಟ್ಟು ಅವ್ವನನ್ನು ಕೂಡಿಸಿಕೊಂಡು ಸಿಂಧನೂರಿಗೆ ಹೊರಟ. ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ. ಎರಡೂ ಕಡೆ ಗದ್ದೆಗಳು ಬಿರುಕು ಬಿಟ್ಟು ಮಲಗಿದ್ದವು. ಗದ್ದೆಮ್ಮ ಅವನ್ನೇ ನೋಡುತ್ತಾ ಹಳೆಯ ಮಾತೊಂದನ್ನು ತೆಗೆದಳು.

"ಸಾಯೂ ಮುಂದ ನಾಕು ವರ್ಷ ನಿಮ್ಮಪ್ಪ ಹಾಡಲೇ ಇಲ್ಲ. ನಾ ಎಷ್ಟ ಬೈದೆ."

"ಗಂಟಲ ಕೆಟ್ಟಿತ್ತಲ್ಲಬೇ."

"ಗಂಟಲ ಡಾಕ್ಟರು ಏನಂದ? ಏನೂ ಆಗಿಲ್ಲ ಅಂದ. ರಾಯಚೂರಿಗೆ ನೀನೇ ಕರ್ಕೊಂಡು ಹೋಗಿದ್ದಿ. ಬ್ಯಾಟರಿ ಬಿಟ್ಟು ನೋಡಿ, ಇನ್ನೂ ಇಪ್ಪತ್ತ ವರ್ಷ ಹಾಡ್ರಿ ಅಂದ. ಈ ಮನುಷ್ಯ ತುಟಿ ಬಿಚ್ಚಲಿಲ್ಲ. ದೇವರ ಮುಂದ ಬಾಯಿ ಕಟಗೊಂಡು ಕುಂತಿಯಲ್ಲ, ದೇವರೇನು ಮಾಡಿತ್ತು ನಿನಗ ಅಂತ ಬೈದೆ. ಕೇಳಿದ. ಸುಮ್ಮಕ ಎದ್ದು ಹೋದ."

ಅಪ್ಪ ಹಾಡು ಬಿಟ್ಟ ವರ್ಷ ಸಿದ್ದರಾಮನಿಗೆ ನೆನಪಿತ್ತು. ಕೊರೊನಾದ ಎರಡನೆಯ ಸುತ್ತು. ಅಪ್ಪನ ಗೆಳೆಯ ಜಂಗ್ಲಿಸಾಬ್ ಅದರಲ್ಲೇ ಹೋಗಿದ್ದ. ಆ ಮೊಹರಮ್ಮಿನಲ್ಲಿ ಅಪ್ಪ ಕುಣಿಯ ಮುಂದೆ ನಿಂತು ಒಂದು ಸಾಲು ಎತ್ತಿದ. ಹಿಂದಕ್ಕೆ ತಿರುಗಿ ನೋಡಿದ. ಹೆಗಲ ಮೇಲಿನ ಟವೆಲಿನಿಂದ ಬಾಯಿ ಒರೆಸಿಕೊಂಡು ಮನೆಗೆ ಬಂದುಬಿಟ್ಟ. ಮರುದಿನ ಮಗನನ್ನು ಕರೆದು, "ನೀ ಬಂದು ನನ್ನ ಹಿಂದ ನಿಂದರ್ತೀಯೇನು?" ಎಂದು ಕೇಳಿದ್ದ. "ನನಗೆಲ್ಲಿ ಹಾಡು ಬರತೈತಪ್ಪಾ" ಎಂದು ಸಿದ್ದರಾಮ ನಕ್ಕಿದ್ದ. "ಹಾಡಬ್ಯಾಡ. ನಿಂತರ ಸಾಕು," ಎಂದಿದ್ದ ಅಪ್ಪ. ಅದೇ ಹೊತ್ತಿಗೆ ಲಿಂಗಸುಗೂರಿನ ಬಾಡಿಗೆಯೊಂದು ಬಂತು. ಸಿದ್ದರಾಮ ಕಾರು ತೆಗೆದುಕೊಂಡು ಹೋದ. ಅಪ್ಪ ಮತ್ತೆ ಕೇಳಲಿಲ್ಲ.

ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ಬೇವಿನ ಮರದ ಕೆಳಗೆ ಶಾವಲಿಯ ತಗಡಿನ ಅಂಗಡಿ. ಟ್ರ್ಯಾಕ್ಟರುಗಳಿಗೆ, ಟಂಟಂ ಆಟೋಗಳಿಗೆ ದೊಡ್ಡ ದೊಡ್ಡ ಸ್ಪೀಕರು ಕೂಡಿಸುವುದರಲ್ಲಿ ಆತನ ಕೈ ಪಳಗಿತ್ತು. ಸಿದ್ದರಾಮ ಕಾರು ನಿಲ್ಲಿಸಿ ವಿಷಯ ಹೇಳಿದ.

"ಸ್ಟೀರಿಯೋ ಮುಟ್ಟಂಗಿಲ್ಲ. ಬಿಚ್ಚಂಗಿಲ್ಲ. ಬ್ಯಾಟರಿ ವೈರೂ ತೆಗಿಯಂಗಿಲ್ಲ. ಅದರಾಗ ನಮ್ಮಪ್ಪ ಅದಾನ. ಏನ ಮಾಡ್ತಿಯೋ ಅದರ ಹೊರಗ ಮಾಡು."

ಶಾವಲಿ ಸ್ಕ್ರೂ ಡ್ರೈವರನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ನಕ್ಕ. "ಅಣ್ಣಾ, ಮದುಮಗನ್ನ ಮುಟ್ಟದಂಗ ಅರಿಷಿಣ ಹಚ್ಚು ಅಂತೀಯಲ್ಲ."

"ಆಗತೈತೋ ಇಲ್ಲೋ ಹೇಳು."

"ಆಗತೈತಿ, ಆಗದ ಏನು. ಮಂದಿ ಮೊದಲು ಸೆಟ್ಟು ಕಿತ್ತು ಒಗೀತಾರ. ಸೆಟ್ಟಿಂದೇನೂ ತಪ್ಪಿರಂಗಿಲ್ಲ. ಸ್ಪೀಕರ್ ಇರೂ ಬಾಗಲದ್ದು ತಪ್ಪಿರತೈತಿ." ಗದ್ದೆಮ್ಮನ ಕಡೆ ತಿರುಗಿ, "ಯವ್ವಾ, ನೀವು ಇಲ್ಲಿ ನೆರಳಿಗೆ ಬರ್ರಿ. ನಿಮಗ ಹೆಂಗ ಬೇಕ್ರಿ ಸೌಂಡು? ನಮ್ಮ ಟ್ರ್ಯಾಕ್ಟರ್ ಹುಡುಗರು ಎದಿ ಗುದ್ದಬೇಕು ಅಂತಾರ."

"ನನಗ ಗುದ್ದೂದು ಬ್ಯಾಡಪ್ಪಾ. ನನ ಗಂಡಗ ಎದಿ ಇತ್ತು. ಅದನ್ನ ಕೊಡು."

ಶಾವಲಿಯ ನಗು ಇಳಿಯಿತು. ಆತ ಹಾಡನ್ನು ಒಮ್ಮೆ ಕೇಳಿದ. ಮೊಹರಮ್ಮಿನ ಪದವೆಂದು ತಿಳಿದೊಡನೆ ಕಾಲಿನ ಚಪ್ಪಲಿ ಬಿಟ್ಟು ಬಿಸ್ಮಿಲ್ಲಾ ಎಂದು ಬಾಗಿಲಿನ ಒಳಹಲಗೆಯ ಸ್ಕ್ರೂ ತಿರುಗಿಸಿದ.

ಒಳಗೆ ನೋಡಿದರೆ ಬಾಗಿಲು ಎಂಬುದು ಬರೀ ಖಾಲಿ ತಗಡಿನ ಪೆಟ್ಟಿಗೆ. ಗದ್ದೆ ದಾರಿಯ ಕೆಸರು ಒಣಗಿ ತಳದಲ್ಲಿ ಕುಳಿತಿತ್ತು. ಸ್ಪೀಕರಿನ ಕಾಗದ ನೀರು ಕುಡಿದು ಹಪ್ಪಳದಂತೆ ಮುದುಡಿತ್ತು. ಒಳತಗಡಿನಲ್ಲಿ ಅಂಗೈ ಹೋಗುವಷ್ಟು ದೊಡ್ಡ ತೂತುಗಳಿದ್ದವು. ಶಾವಲಿ ಸಿದ್ದರಾಮನನ್ನು ಕರೆದು ತೋರಿಸಿದ.

"ಸ್ಪೀಕರ್ ಮುಂದಕ್ಕೂ ಹಾಡತೈತಿ, ಹಿಂದಕ್ಕೂ ಹಾಡತೈತಿ ಅಣ್ಣಾ. ಹಿಂದಿಂದು ಈ ತೂತಿನಾಗಿಂದ ಬಂದು ಮುಂದಿಂದನ್ನ ನುಂಗತೈತಿ. ಸಣ್ಣ ದನಿ ಹೆಂಗೋ ಉಳೀತೈತಿ. ದಪ್ಪ ದನಿ ಸಾಯತೈತಿ. ಅದಕ್ಕ ಯವ್ವಗ ಎದಿ ಸಿಗವಲ್ದು."

ತೂತುಗಳನ್ನು ಮುಚ್ಚಿದ. ತಗಡಿಗೆ ಡಾಂಬರಿನಂಥ ದಪ್ಪ ಹಾಳೆಗಳನ್ನು ಅಂಟಿಸಿ, ರೊಟ್ಟಿ ತಟ್ಟಿದಂತೆ ಅಂಗೈಯಿಂದ ತಟ್ಟಿ ತಟ್ಟಿ ಕೂಡಿಸಿದ. ಬೆರಳಿಂದ ಬಡಿದರೆ ಡಬ್ಬಿಯಂತೆ ಸದ್ದು ಮಾಡುತ್ತಿದ್ದ ಬಾಗಿಲು ಈಗ ಮರದ ಹಲಗೆಯಂತೆ ಮಂದವಾಗಿ ಉಲಿಯಿತು. ಹೊಸ ಸ್ಪೀಕರು ಇಟ್ಟ. ಸೀಟಿನ ಕೆಳಗೆ ಇಟ್ಟಿಗೆಯಷ್ಟು ದೊಡ್ಡ ಆಂಪ್ಲಿಫೈಯರು ಕೂಡಿಸಿ, ಸ್ಟೀರಿಯೋದಿಂದ ಸ್ಪೀಕರಿಗೆ ಹೋಗುವ ವೈರಿನಿಂದಲೇ ಅದಕ್ಕೆ ಹಾಡು ಕೊಟ್ಟ. ಸ್ಟೀರಿಯೋ ತನ್ನ ಜಾಗದಲ್ಲಿ, ಗುಡಿಯೊಳಗಿನ ಮೂರ್ತಿಯಂತೆ, ಯಾರ ಕೈಯೂ ತಾಗದೆ ಕುಳಿತಿತ್ತು.

ಅಷ್ಟರಲ್ಲಿ ಬಿಸಿಲು ಮರದ ಬುಡಕ್ಕೆ ಬಂದಿತ್ತು. ಶಾವಲಿ ಮೊದಲು ತಾನೇ ಕುಳಿತು ಹಾಡು ಹಚ್ಚಿದ. ಹುಬ್ಬು ಗಂಟಿಕ್ಕಿದ.

"ಹಮ್ಮಿಂಗ್ ಬರಾಕತ್ತೈತಿ."

ಸಿದ್ದರಾಮ ಕಿವಿಗೊಟ್ಟ. ಹೌದು. ಅಪ್ಪನ ದನಿಯ ಕೆಳಗೆ ಏನೋ ಗುಂಯ್ಗುಡುತ್ತಿತ್ತು. ಬಾವಿಯ ತಳದಲ್ಲಿ ಜೇನುಹುಳು ಕೂಡಿದಂತೆ.

ಶಾವಲಿ ಅರ್ತಿಂಗಿನ ವೈರು ಬದಲಿಸಿದ. ಸದ್ದು ಹೋಗಲಿಲ್ಲ. ಬಾಗಿಲು ನಡುಗುತ್ತಿದೆಯೇ ಎಂದು ಅಂಗೈ ಒತ್ತಿ ಹಿಡಿದ. ಹೋಗಲಿಲ್ಲ. ಆಂಪ್ಲಿಫೈಯರನ್ನು ಸೀಟಿನ ಆಚೆ ಬದಿಗೆ ಸರಿಸಿದ, ಇನ್ನೆರಡು ಹಾಳೆ ಅಂಟಿಸಿದ. ಬೆವರು ಒರೆಸಿಕೊಂಡು, ತನ್ನ ಕೆಲಸದ ಮೇಲೆ ತನಗೇ ಸಿಟ್ಟು ಬಂದು, ರೇಡಿಯೋ ಹಚ್ಚಿ ನೋಡಿದ. ವಾರ್ತೆ ಓದುವವನ ದನಿ ತೊಳೆದಂತೆ ಬಂತು. ಗುಂಯ್ಗುಟ್ಟುವುದು ಇರಲೇ ಇಲ್ಲ.

"ಗಾಡ್ಯಾಗ ಇಲ್ಲಣ್ಣಾ. ಹಾಡಿನ್ಯಾಗ ಐತಿ."

ಸಿದ್ದರಾಮ ಲಿಂಗಸುಗೂರಿಗೆ ಫೋನು ಹಚ್ಚಿದ. ಅನಿಲಕುಮಾರ ಯಾವುದೋ ಕಂಬದ ಮೇಲಿದ್ದ. "ಅವತ್ತ ಕರೆಂಟ್ ಇದ್ದಿಲ್ಲೋ ಮಾರಾಯಾ, ಜನರೇಟರ್ ಹಚ್ಚಿದ್ವಿ. ಅದರದ ಇರ್ಬೇಕು. ಕಟ್ ಮಾಡಸು, ಸಾಫ್ ಆಗತೈತಿ," ಎಂದ.

ಆಂಪ್ಲಿಫೈಯರಿನ ಬದಿಯಲ್ಲಿ ಕಡಲೆಕಾಳಿನಷ್ಟು ಸಣ್ಣ ನಾಬು ಇತ್ತು. ತಳದ ದನಿಯನ್ನು ಕತ್ತರಿಸುವುದು ಅದರ ಕೆಲಸ. ಶಾವಲಿ ಅದನ್ನು ಮೆಲ್ಲಗೆ ತಿರುಗಿಸಿದ. ಗುಂಯ್ಗುಡುವುದು ಕರಗಿಹೋಯಿತು. ಮುದುಕಪ್ಪನ ದನಿಯೊಂದೇ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಕಾರಿನ ತುಂಬ ನಿಂತಿತು.

ಸಿದ್ದರಾಮನ ಕಣ್ಣು ಒದ್ದೆಯಾದವು. "ಬಂತು. ಅಪ್ಪ ಬಂದ. ಇಷ್ಟ ಇರಲಿ ಶಾವಲಿ, ಮುಟ್ಟಬ್ಯಾಡ ಇನ್ನ. ಯವ್ವಾ, ಬಾ ಇಲ್ಲಿ."

ಗದ್ದೆಮ್ಮ ಬಂದು ಹಿಂದೆ ಕುಳಿತಳು. ಶಾವಲಿ ನಾಲ್ಕೂ ಬಾಗಿಲು ಮುಚ್ಚಿದ. ಹಾಡು ಮೊದಲಿನಿಂದ ಶುರುವಾಯಿತು. ಆಕೆ ಕೇಳಿದಳು. ಮುಖದಲ್ಲಿ ಏನೂ ಅಲುಗಲಿಲ್ಲ.

"ಚಂದ ಆಗೇತಿ," ಎಂದಳು. ಯಾರದೋ ಮನೆಯ ಊಟ ಹೊಗಳಿದ ಹಾಗಿತ್ತು ಆ ಮಾತು.

"ಯಾಕಬೇ? ಇದಕ್ಕಿಂತ ಸಾಫ್ ಎಲ್ಲೈತಿ? ಅಪ್ಪನ ಉಸಿರು ಸೈತ ಕೇಳತೈತಿ!"

"ಕೇಳತೈತಿ. ನಿಮ್ಮಪ್ಪನ ಅದು. ಅದಕ್ಕ ಬುಡ ಇಲ್ಲ." ಆಕೆ ಮಗನ ಭುಜ ಮುಟ್ಟಿದಳು. "ನೀವು ಆಗ ಏನೋ ಗುಂಯ್ ಅಂತೈತಿ, ಗುಂಯ್ ಅಂತೈತಿ ಅಂದ್ರಲ್ಲ. ಅದನ್ನ ಹಚ್ಚು. ನಾ ಅದನ್ನ ಕೇಳಿಲ್ಲ."

"ಅದು ಜನರೇಟರ್ ಸಪ್ಪಳ ಯವ್ವಾ."

"ಹಚ್ಚಲೇ. ನನ ಕಿವಿ, ನನ ಗಂಡ."

ಶಾವಲಿ ಸೀಟಿನ ಕೆಳಗೆ ಕೈ ಹಾಕಿ ನಾಬನ್ನು ಹಿಂದಕ್ಕೆ ತಿರುಗಿಸಿದ.

ಮೊದಲು ಗದ್ದೆಮ್ಮನ ಕೈಗೆ ಗೊತ್ತಾಯಿತು. ಆಕೆಯ ಅಂಗೈ ಬಾಗಿಲಿನ ಮೇಲಿತ್ತು. ತಗಡಿನೊಳಗಿಂದ ನಡುಕವೊಂದು ಎದ್ದು ಬೆರಳಿಗೆ ಬಂತು, ಮಣಿಕಟ್ಟಿಗೆ ಬಂತು, ಬೆನ್ನಿಗೆ ಬಂತು. ಮಾಳಿಗೆಯ ಮಣ್ಣು ಬಂತು. ಮದುವೆಯಾದ ಹೊಸತರ ಚಳಿ ಬಂತು. ಹಾಡು ಎಲ್ಲೋ ಮೇಲೆ ಹಾರುತ್ತಿತ್ತು. ಅದರ ಕೆಳಗೆ ಉದ್ದಕ್ಕೂ ಈ ದನಿ ನೆಲದಂತೆ ಹಾಸಿತ್ತು.

"ಹಾಂ," ಎಂದಳು. ಕಣ್ಣು ಮುಚ್ಚಿದಳು. "ಇದ. ಇದ ಅವನ ಎದಿ."

ಸಿದ್ದರಾಮನೂ ಶಾವಲಿಯೂ ಮುಖ ನೋಡಿಕೊಂಡರು. ಯಂತ್ರದ ಸದ್ದನ್ನು ಅವ್ವ ಗಂಡನ ಎದೆ ಎಂದುಕೊಂಡಿದ್ದಳು. ಹೇಳಲೋ ಬೇಡವೋ ಎಂದು ಸಿದ್ದರಾಮ ತಡವರಿಸುತ್ತಿರುವಾಗಲೇ ಗದ್ದೆಮ್ಮ ತಟ್ಟನೆ ಕಣ್ಣು ತೆರೆದಳು. ಬಾಗಿಲಿನ ಮೇಲೆ ಕೈ ಇನ್ನಷ್ಟು ಒತ್ತಿದಳು.

"ಉಸಿರು ತಗೊಂಡ."

"ಯಾರು?"

"ಕೆಳಗಿಂದು. ಮತ್ತ ಹಿಂದಕ್ಕ ಹಾಕು. ನಿಮ್ಮಪ್ಪ ಹಾಡಾಕತ್ತಾನ, ಅಂವಾ ನಿಲ್ಲಿಸಿಲ್ಲ. ಕೆಳಗಿನ ದನಿ ಒಂದು ಗಳಿಗಿ ನಿಂತು, ಉಸಿರು ತಗೊಂಡು, ಮತ್ತ ಹಿಡೀತು. ಕೇಳ್ರಿ."

ಶಾವಲಿ ಹಾಡನ್ನು ಹಿಂದಕ್ಕೆ ಎಳೆದ. ಮೂವರೂ ಬಾಗಿಲಿಗೆ ಕೈ ಹಚ್ಚಿ ಕುಳಿತರು. ಮುದುಕಪ್ಪ "ಕೂಸಿನ ತುಟಿ" ಎಂದು ಎಳೆಯುತ್ತಿದ್ದ. ಅದರ ನಡುವೆಯೇ ಕೆಳಗಿನ ನಡುಕ ಕಣ್ಣರೆಪ್ಪೆ ಬಡಿದಷ್ಟು ಹೊತ್ತು ನಿಂತಿತು. ಮತ್ತೆ ಬಂತು. ಮುಂದೆ ಮುದುಕಪ್ಪ ಉಸಿರಿಗಾಗಿ ನಿಂತಾಗ ಅದು ನಿಲ್ಲದೆ ಆತನನ್ನು ಕಾಯ್ದುಕೊಂಡು, ಆತ ಮತ್ತೆ ಎತ್ತುವವರೆಗೂ ಅದೇ ಎತ್ತರದಲ್ಲಿ ಹಿಡಿದಿತ್ತು.

ಶಾವಲಿ ಮೆಲ್ಲಗೆ ಹೇಳಿದ: "ಜನರೇಟರ್ ಉಸಿರು ತಗೊಳಂಗಿಲ್ಲಣ್ಣಾ."

ಹೊರಗೆ ಲಾರಿಯೊಂದು ಹಾರ್ನು ಹಾಕಿ ಹೋಯಿತು.

"ಜಂಗ್ಲಿಸಾಬ್," ಎಂದಳು ಗದ್ದೆಮ್ಮ.

ಅಲಾಯಿ ಪದ ಹಾಡುವ ಮೇಳದ ಪದ್ಧತಿಯೇ ಹಾಗಿತ್ತು. ಹಾಡುವವನು ಜನರ ಕಡೆ ಮುಖ ಮಾಡಬೇಕು. ಹಿಂದೆ ಹಿಡಿಯುವವನು ಆತನ ಬೆನ್ನಿಗೆ ಬೆನ್ನು ಕೊಟ್ಟು, ದೇವರ ಕಡೆ ಮುಖ ಮಾಡಿ ನಿಲ್ಲಬೇಕು. ಹಿಡಿಯುವವನಿಗೆ ಮಾತಿಲ್ಲ, ಸಾಲಿಲ್ಲ. ಒಂದೇ ದನಿಯನ್ನು ಹಿಡಿದಿರಬೇಕು, ಅಷ್ಟೆ. ಜಂಗ್ಲಿಸಾಬ್ ಅಲ್ಲಿ ನಿಲ್ಲುತ್ತಾನೆಂದು ಇಡೀ ಊರಿಗೆ ಗೊತ್ತಿತ್ತು. ಆತ ಅಲ್ಲಿ ಏನು ಮಾಡುತ್ತಾನೆಂದು ಮೇಳದ ಹೊರಗಿನ ಯಾರೂ ಕೇಳಿರಲಿಲ್ಲ. ದೇವರಿಗೆ ಕೈ ಮುಗಿದು ನಿಂತಿದ್ದಾನೆ ಎಂದುಕೊಂಡಿದ್ದರು. ಬೆನ್ನಿಗೆ ಬೆನ್ನು ತಾಗಿದ ಇಬ್ಬರ ದನಿ ಜನರ ತಲೆಯ ಮೇಲಿಂದ ಹಾದು ಮಾಳಿಗೆಗೆ ಬರುವ ಹೊತ್ತಿಗೆ ಒಂದಾಗಿರುತ್ತಿತ್ತು. ಊರು ಅದಕ್ಕೆ ಮುದುಕಪ್ಪನ ಹೆಸರಿಟ್ಟಿತ್ತು. ಶಾಲು ಹೊದಿಸುವಾಗಲೂ ಅದೇ ಹೆಸರು ಕರೆದಿತ್ತು. ಮನೆಯಲ್ಲಿ ಒಮ್ಮೆಯೂ ಹಾಡದ ಗಂಡನ ಒಂಟಿ ದನಿ ಹೇಗಿರುತ್ತದೆಂದು ಗದ್ದೆಮ್ಮನಿಗೂ ತಿಳಿಯುವ ದಾರಿ ಇರಲಿಲ್ಲ.

"ಗಂಟಲ ಕೆಟ್ಟಿರಲಿಲ್ಲ," ಎಂದಳು ಆಕೆ. "ಬೆನ್ನಿಗೆ ಯಾರೂ ಇದ್ದಿಲ್ಲ ಅವಗ. ನಾ ಬೈದೆ."

ಸಿದ್ದರಾಮ ಸ್ಟೀರಿಂಗಿನ ಮೇಲೆ ಹಣೆ ಇಟ್ಟುಕೊಂಡಿದ್ದ. ನಿಂತರ ಸಾಕು ಎಂಬ ಅಪ್ಪನ ಮಾತು ಆತನ ಕಿವಿಯಲ್ಲಿ ನಿಂತುಬಿಟ್ಟಿತ್ತು. ಅದನ್ನು ಆತ ಅವ್ವನಿಗೆ ಹೇಳಲಿಲ್ಲ.

ಶಾವಲಿ ನಾಬಿನ ಮೇಲೆ ಬೆರಳಿಟ್ಟು ಕೇಳಿದ, "ಹಂಗಾರ ಇದನ್ನ ಹಿಂಗ ಬಿಡ್ಲೇನ್ರಿ ಯವ್ವಾ?"

"ಬಿಡು. ಅದರ ಮ್ಯಾಲೆ ಏನರ ಹಚ್ಚಿ ಬಿಗಿ ಮಾಡು. ಯಾರೂ ತಿರುವಬಾರದು."

ಶಾವಲಿ ನಾಬಿನ ಮೇಲೆ ಗಟ್ಟಿ ಅಂಟನ್ನು ಒಂದು ಹನಿ ಬಿಟ್ಟ. ಅದು ಒಣಗುವವರೆಗೆ ಊದುತ್ತಾ ಕುಳಿತ.

"ಸಿದ್ಯಾ, ಗಾಡಿ ಮಸ್ಕಿಗೆ ಬಿಡು," ಎಂದಳು ಗದ್ದೆಮ್ಮ. "ಕರೀಮಾಬಿ ಅಲ್ಲದಾಳ."

ಕರೀಮಾಬಿ ಜಂಗ್ಲಿಸಾಬನ ಹೆಂಡತಿ. ಗಂಡ ಹೋದ ಮೇಲೆ ಮಸ್ಕಿಯಲ್ಲಿ ಮಗಳು ಅಂಜುಮಳ ಮನೆ ಸೇರಿದ್ದಳು. ಇವರು ಹೋದಾಗ ಗುಡ್ಡದ ನೆರಳು ಓಣಿಯವರೆಗೆ ಚಾಚಿತ್ತು. ಕರೀಮಾಬಿ ಕಟ್ಟೆಯ ಮೇಲೆ ಕುಳಿತು ಮೊಹರಮ್ಮಿನ ಸಿಹಿ ರೊಟ್ಟಿ ಚೋಂಗೆಯ ಹಿಟ್ಟಿಗೆ ಬೆಲ್ಲ ಹೆರೆಯುತ್ತಿದ್ದಳು. ಕಾರಿನಿಂದ ಇಳಿದವಳನ್ನು ನೋಡಿ ಎದ್ದೇಬಿಟ್ಟಳು.

"ಯಾ ಅಲ್ಲಾ! ಗದ್ದೆವ್ವಕ್ಕಾ! ದಾರಿ ತಪ್ಪಿ ಬಂದಿಯೇನಬೇ? ನಿನ ಗಂಡ ಸತ್ತಾಗ ಮಣ್ಣಿಗೆ ಬಂದಿದ್ದೆ ನಾ. ಆಮ್ಯಾಲೆ ಒಂದು ಫೋನಿಲ್ಲ, ಸುದ್ದಿಲ್ಲ."

"ಬೈ, ಬೈ. ಬೈಸಿಕೊಳ್ಳಾಕ ಬಂದೀನಿ. ಮೊದಲು ಬಂದು ಗಾಡ್ಯಾಗ ಕೂಡು."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಕೂಡು."

"ಮುದುಕ್ಯಾರಾದ್ವಿ, ಈಗ ಗಾಡ್ಯಾಗ ಕುಂತು ಏನ ಮಾಡೂದೈತಿ," ಎನ್ನುತ್ತಲೇ ಕರೀಮಾಬಿ ಬೆಲ್ಲದ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದಳು. ಇಬ್ಬರೂ ಹಿಂದಿನ ಸೀಟಿನಲ್ಲಿ ಕುಳಿತರು. ಸಿದ್ದರಾಮ ಬಾಗಿಲು ಮುಚ್ಚಿದ. ಗದ್ದೆಮ್ಮ ಗೆಳತಿಯ ಕೈ ಹಿಡಿದು ಬಾಗಿಲಿನ ಮೇಲೆ ಇಟ್ಟಳು.

"ಮ್ಯಾಲಿಂದು ನಂದು. ಕೆಳಗಿಂದು ನಿಂದು. ಕೇಳು."

ಹಾಡು ಬಂತು. ಕರೀಮಾಬಿಗೆ ಮೊದಲು ತಿಳಿಯಲಿಲ್ಲ. ಮುದುಕಪ್ಪನ ದನಿಗೆ ತಲೆದೂಗಿ, "ಸುಬಾನಲ್ಲಾ, ಎಂಥಾ ದನಿ ಇತ್ತು ಅಣ್ಣಂದು," ಎಂದಳು. ನಂತರ ಆಕೆಯ ತಲೆ ನಿಂತಿತು. ಬೆಲ್ಲ ಅಂಟಿದ ಬೆರಳುಗಳು ಬಾಗಿಲಿನ ಮೇಲೆ ಹರಡಿಕೊಂಡವು. ಸಿದ್ದರಾಮ ಕನ್ನಡಿಯಲ್ಲಿ ನೋಡಲು ಹೆದರಿ ಗುಡ್ಡದ ಕಡೆ ನೋಡಿದ.

"ದವಡ್ಯಾಗ ಪಾನ್ ಇಟಗೊಂಡಾನ ನೋಡು," ಎಂದಳು ಕರೀಮಾಬಿ ಕೊನೆಗೆ. "ಕಡೀಕ ದೇವರ ಮುಂದೂ ಉಗುಳಿಲ್ಲ ಅಂವಾ. ಎಷ್ಟ ಹೇಳಿದ್ದೆ."

ಗದ್ದೆಮ್ಮ ನಕ್ಕಳು. ಕರೀಮಾಬಿಯೂ ನಕ್ಕಳು, ನಗುತ್ತಲೇ ಅತ್ತಳು.

"ಒಂದು ಫೋಟೋ ಐತಿ ನನ ಹತ್ರ, ಆಧಾರ್ ಕಾರ್ಡಿಂದು. ದನಿ ಇದ್ದಿಲ್ಲಕ್ಕಾ. ಎಲ್ಲೂ ಇದ್ದಿಲ್ಲ. ನೀ ಹಾಡಂಗಿಲ್ಲ, ಬರೇ ನಿಂತು ಬರ್ತಿಯಲ್ಲ, ನಿನಗ್ಯಾಕ ಗಂಟಲ ನೋವು ಅಂತ ನಗಾಡ್ತಿದ್ದೆ ನಾ. ‘ಮುದುಕಪ್ಪ ಮ್ಯಾಲೆ ಹೋಗ್ತಾನ, ನಾ ಏಣಿ ಹಿಡದಿರ್ತೀನಿ’ ಅಂತಿದ್ದ. ಏನೋ ಚಾಷ್ಟಿ ಮಾಡ್ತಾನ ಅಂದ್ಕೊಂಡಿದ್ದೆ."

"ನನ ಗಂಡ ಏನೂ ಹೇಳಲಿಲ್ಲ ನೋಡು ನನಗ."

"ಹೆಂಗ ಹೇಳ್ತಾನಕ್ಕಾ? ಹೇಳೂ ಮಾತು ಅಲ್ಲ ಅದು."

ಹಾಡು ಕೊನೆಗೆ ಬಂದಿತ್ತು. ಮುದುಕಪ್ಪ ಕೊನೆಯ ಸಾಲು ಬಿಟ್ಟ. ಹಲಗಿ ನಿಂತಿತು. ಜನರ ಗದ್ದಲ ಏಳುವುದಕ್ಕೆ ಮುಂಚೆ ಇದ್ದ ಆ ಸಣ್ಣ ತೆರವಿನಲ್ಲಿ ಕೆಳಗಿನ ದನಿ ಒಂದೇ ಉಳಿಯಿತು. ಹಾಡಿದವನು ಹೆಜ್ಜೆ ಇಳಿಸಿ ನೆಲದ ಮೇಲೆ ನಿಂತಿದ್ದಾನೆಂದು ಬೆನ್ನಿಗೆ ಗೊತ್ತಾಗುವವರೆಗೆ ಅದು ಹಿಡಿದೇ ಇತ್ತು. ಮತ್ತೆ ಮೆಲ್ಲಗೆ, ದೀಪ ಶಾಂತ ಮಾಡಿದಂತೆ, ನಿಂತಿತು.

"ಇನ್ನೊಮ್ಮೆ ಹಚ್ಚಲೇನು ಚಿಗವ್ವಾ?" ಎಂದು ಸಿದ್ದರಾಮ ಕೇಳಿದ.

"ಬ್ಯಾಡಪ್ಪಾ. ಇರಲಿ. ಬರೂ ವರ್ಷ ಗುದ್ದಲಿ ಬಿದ್ದ ಮ್ಯಾಲೆ ಬಾ." ಕರೀಮಾಬಿ ಮುಂದಕ್ಕೆ ಬಾಗಿ ಸ್ಟೀರಿಯೋವನ್ನು ನೋಡಿದಳು. ಅದರ ಬಣ್ಣ ಸವೆದಿತ್ತು. "ಆ ಡಬ್ಬಿ ತೆಗಿಯಬ್ಯಾಡ ಮಗನ."

"ಇಲ್ಲ ಚಿಗವ್ವಾ. ತೆಗಿಯಂಗಿಲ್ಲ."

ಅಂಜುಮ್ ಚಹಾ ತಂದಳು. ಕಪ್ಪಿನ ಅಂಚಿಗೆಲ್ಲ ಕರೀಮಾಬಿಯ ಬೆರಳಿನ ಬೆಲ್ಲ ಅಂಟಿತು. ಹೊರಡುವಾಗ ಆಕೆ ಗದ್ದೆಮ್ಮನ ಮಡಿಲಿಗೆ ಆಗಷ್ಟೇ ಬೇಯಿಸಿದ ಚೋಂಗೆ ಕಟ್ಟಿ ಹಾಕಿದಳು. ಎರಡು ಬೇರೆ ಇಟ್ಟು, ಇವು ಕುಣಿಗೆ, ಇಬ್ಬರ ಹೆಸರಿಲೆ, ಎಂದಳು. ಮರಳುವ ದಾರಿಯಲ್ಲಿ ಕಾಲುವೆಯ ಸೇತುವೆ ದಾಟುವಾಗ ಗದ್ದೆಮ್ಮ ಒಣಗಿದ ಕಾಲುವೆಗೆ ಕೈ ಮುಗಿದಳು. ಹಾಡಿನ ಬಾಯಾರಿದ ಕೂಸು ಆಕೆಗೆ ನೆನಪಾಗಿತ್ತು.

ಕೊನೆಯ ದಿನ ಬಂತು. ಸಂಜೆಗೆ ಅಲಾಯಿ ಕುಣಿಯಲ್ಲಿ ಕೆಂಡ ತುಂಬಿತು. ಪೀರಲ ದೇವರುಗಳು ಬೆಳ್ಳಿಯ ಪಂಜೆಗಳನ್ನು ಹೊಳೆಯಿಸುತ್ತಾ ಹೊರಗೆ ಬಂದು ನಿಂತವು. ಮುದುಕಪ್ಪ ಬಿಟ್ಟ ಮೇಲೆ ಆ ಜಾಗದಲ್ಲಿ ಹಾಡುವವನು ದಾನಿಷ್, ಮಸೀದಿಯ ಮುಲ್ಲಾನ ತಮ್ಮ. ಒಳ್ಳೆಯ ದನಿ, ಆದರೆ ಎತ್ತರದ ಸಾಲು ಬಂದಾಗ ಹೆದರಿ ಕೆಳಗಿಳಿಯುತ್ತಾನೆಂದು ಊರವರು ಆಡಿಕೊಳ್ಳುತ್ತಿದ್ದರು.

ಸಿದ್ದರಾಮ ಚಪ್ಪಲಿ ಬಿಟ್ಟು ಜನರನ್ನು ಸರಿಸಿಕೊಂಡು ಹೋದ.

"ಏನಲೇ ಸಿದ್ಯಾ, ಈ ಕಡೆ? ಬಾಡಿಗಿ ಇಲ್ಲೇನು ಇವತ್ತ?" ಎಂದ ದಾನಿಷ್.

"ಇಲ್ಲ."

"ಹಾಡ್ತಿಯೇನು ಮತ್ತ? ನಿಮ್ಮಪ್ಪನ ಮಗ ಅದಿ."

"ನನಗ ಬರಂಗಿಲ್ಲೋ. ನೀ ಹಾಡು. ನಾ ಹಿಂದ ನಿಂದರ್ತೀನಿ."

ದಾನಿಷ್ ಏನೋ ಚೇಷ್ಟೆ ಮಾಡಲು ಬಾಯಿ ತೆರೆದವನು ಅವನ ಮುಖ ನೋಡಿ ಜನರ ಕಡೆ ತಿರುಗಿದ. ಸಿದ್ದರಾಮ ಆತನ ಬೆನ್ನಿಗೆ ಬೆನ್ನು ಹಚ್ಚಿ, ದೇವರ ಕಡೆ ಮುಖ ಮಾಡಿ ನಿಂತ. ಕೆಂಡದ ಕಾವು ಮುಖಕ್ಕೆ ಬಡಿಯುತ್ತಿತ್ತು. ಹಲಗಿ ಎದ್ದಿತು.

ಅತ್ತ ಮಾಳಿಗೆಯ ಮೇಲೆ ಹೆಂಗಸರ ನಡುವೆ ಗದ್ದೆಮ್ಮ ಕುಳಿತಿದ್ದಳು. ಕೇಳುವ ಕಿವಿಯನ್ನು ಕುಣಿಯ ಕಡೆ ಮಾಡಿದ್ದಳು. ಹಾಡು ಎತ್ತರಕ್ಕೆ ಏರಿತು. ಇಳಿಯಲಿಲ್ಲ. ಪಕ್ಕದ ಮನೆಯ ಆದಮ್ಮ, "ಈ ಸಲ ದಾನಿಷ್ ಚಲೋ ಹಾಡಾಕತ್ತಾನಬೇ," ಎಂದಳು.

ಗದ್ದೆಮ್ಮ ಆಕೆಯ ಮೊಣಕೈ ಹಿಡಿದು ಅಲುಗಿಸಿದಳು.

"ಅದಿರಲಿ. ನಿನಗ ಕಣ್ಣು ಕಾಣತಾವಲ್ಲ. ಹಿಂದ ಯಾರ ನಿಂತಾರ ನೋಡ."

ಆದಮ್ಮ ಕತ್ತು ಚಾಚಿ ನೋಡಿದಳು.

"ಯಾರೋ ಅದಾರಬೇ. ಕಾಣವಲ್ರು. ಮುಖ ದೇವರ ಕಡೆ ಐತಿ."